ಎಲ್ಲರೂ ಒಟ್ಟಿಗೆ ಕೂತು ನೋಡ್ತಿದ್ವಿ

ನಮ್ಮ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಎರಡು ತಿಂಗಳಿಗೊಮ್ಮೆಯಾದರೂ ಯಾರೋ ಒಬ್ಬರು ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದ ಹಳೇ ತುಣುಕು ಹಾಕುತ್ತಾರೆ. ಮಸುಕು ಮಸುಕು ಚಿತ್ರ, ಮೂಲೆಯಲ್ಲಿ ಈಟಿವಿ ಗುರುತು, ಕೈಯಲ್ಲಿ ಮೈಕ್ ಹಿಡಿದು ಉಸಿರು ಬಿಗಿಹಿಡಿದು ನಿಂತ ಒಂದು ಹುಡುಗಿ, ಎದುರಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಐದೇ ನಿಮಿಷದಲ್ಲಿ ಸಾಲುಸಾಲು ಉತ್ತರ. ‘ಆ ಕಾಲವೇ ಚೆನ್ನಾಗಿತ್ತು ಮಗಾ.’ ‘ಈಗಿನವೆಲ್ಲ ಬರೀ ಗಲಾಟೆ.’ ಆಮೇಲೆ ತಪ್ಪದೇ ಬರುವ ಒಂದು ವಾಕ್ಯ: ‘ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡ್ತಿದ್ವಿ.’

ಈ ವಾಕ್ಯವನ್ನು ನಾನೇ ಹತ್ತಾರು ಸಲ ಟೈಪ್ ಮಾಡಿದ್ದೇನೆ. ಆಗ ಕಣ್ಣ ಮುಂದೆ ಬರುವ ಚಿತ್ರವೂ ಪ್ರತಿ ಸಲ ಒಂದೇ. ತಿಪಟೂರಿನಿಂದ 14 ಕಿಲೋಮೀಟರ್ ದೂರದ ನಮ್ಮೂರು, ಹೆಂಚಿನ ಮನೆ, ಅಟ್ಟದ ಮೇಲೆ ಕೊಬ್ಬರಿಯಾಗಲು ಹಾಕಿಟ್ಟ ತೆಂಗಿನಕಾಯಿಗಳ ವಾಸನೆ, ನಡುಮನೆಯ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದ ಟಿವಿ. ಗೋಡೆಗೊರಗಿ ಅಜ್ಜಿ, ಪಕ್ಕದಲ್ಲಿ ತಂಗಿ, ಅಪ್ಪ, ಅಮ್ಮ, ನಾನು. ಎಲ್ಲರ ಮುಖದ ಮೇಲೂ ಟಿವಿಯ ನೀಲಿ ಬೆಳಕು. ಚಿತ್ರ ಎಷ್ಟು ಚೆನ್ನಾಗಿದೆ ಅಂದರೆ ಯಾವುದಾದರೂ ಚಹಾಪುಡಿ ಕಂಪನಿಯವರು ಜಾಹೀರಾತಿಗೆ ಬಳಸಿಕೊಳ್ಳಬಹುದು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮೊದಲು ಆ ಕಾರ್ಯಕ್ರಮದ ಬಗ್ಗೆ ಹೇಳಿಬಿಡ್ತೀನಿ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಎಸ್‌ಪಿಬಿ ಅಂದರೆ ರೀಲ್ಸ್‌ನಲ್ಲಿ ಬರುವ ಹಿನ್ನೆಲೆ ಹಾಡು, ಅಷ್ಟೇ. ಈಟಿವಿ ಕನ್ನಡ ಶುರುವಾಗಿದ್ದು 2000ದ ಡಿಸೆಂಬರಿನಲ್ಲಿ. ಅದಕ್ಕೂ ಮೊದಲೇ, 1996ರಿಂದ, ಎಸ್‌ಪಿಬಿ ತೆಲುಗಿನಲ್ಲಿ ‘ಪಾಡುತಾ ತೀಯಗಾ’ ನಡೆಸುತ್ತಿದ್ದರು. ಹೊಸ ಗಾಯಕರನ್ನು ಕರೆಸಿ ಹಾಡಿಸಿ ತಿದ್ದುವ ಅದೇ ಬಗೆಯ ಕಾರ್ಯಕ್ರಮ ಕನ್ನಡಕ್ಕೆ ಬಂದಾಗ ‘ಎದೆ ತುಂಬಿ ಹಾಡುವೆನು’ ಆಯಿತು. ಜಿ.ಎಸ್. ಶಿವರುದ್ರಪ್ಪನವರ ಕವಿತೆಯನ್ನು ನೆನಪಿಸುವ ಹೆಸರು. ನಮ್ಮ ಕಡೆ ‘ಹ’ಕಾರಕ್ಕೆ ಅಷ್ಟು ಮರ್ಯಾದೆ ಇಲ್ಲ, ಹಾಗಾಗಿ ನಮ್ಮನೇಲಿ ಅದು ‘ಎದೆ ತುಂಬಿ ಆಡುವೆನು’.

ದೂರದರ್ಶನದ ಚಿತ್ರಮಂಜರಿ ಕಾಲದಲ್ಲಿ ನಮ್ಮನೇಲಿ ಟಿವಿ ಇರಲಿಲ್ಲ. ಮೇಷ್ಟ್ರ ಮನೆಯ ಹಜಾರದಲ್ಲಿ ಚಪ್ಪಲಿ ಬಿಟ್ಟು, ಬಾಗಿಲ ಪಕ್ಕ ಮುದುಡಿ ಕೂತು ನೋಡುತ್ತಿದ್ದೆವು. ಕೇಬಲ್‌ನವನು ತೆಂಗಿನ ಮರದಿಂದ ತೆಂಗಿನ ಮರಕ್ಕೆ ವೈರ್ ಎಳೆದು ನಮ್ಮೂರಿಗೆ ತಂದಾಗ ನಾನು ಹೈಸ್ಕೂಲು. ಮೊದಲ ಸಲ ನಮ್ಮದೇ ಮನೆಯಲ್ಲಿ, ನಮ್ಮದೇ ಚಾಪೆ ಮೇಲೆ ಕಾಲು ಚಾಚಿ ನೋಡಿದ ಕಾರ್ಯಕ್ರಮ ಅದು. ಅದರ ಮೇಲೆ ಇಷ್ಟು ಪ್ರೀತಿ ಇರೋದಕ್ಕೆ ಇದೂ ಒಂದು ಕಾರಣ ಇರಬೇಕು.

ಎಸ್‌ಪಿಬಿ ತೀರ್ಪು ಕೊಡುತ್ತಿದ್ದ ರೀತಿಯನ್ನು ನೆನೆಸಿಕೊಳ್ಳಿ. ಹುಡುಗ ಹಾಡಿ ಮುಗಿಸುತ್ತಾನೆ. ಇವರು ತಕ್ಷಣ ಅಂಕ ಹೇಳುವುದಿಲ್ಲ. ಮೊದಲು ಹಾಡಿನ ಕಥೆ ಶುರು. ಸಂಗೀತ ಯಾರದ್ದು, ರಾಜನ್–ನಾಗೇಂದ್ರರದ್ದೋ, ಎಂ. ರಂಗರಾವ್ ಅವರದ್ದೋ, ಜಿ.ಕೆ. ವೆಂಕಟೇಶ್ ಅವರದ್ದೋ. ಬರೆದವರು ಚಿ. ಉದಯಶಂಕರೋ ಆರ್.ಎನ್. ಜಯಗೋಪಾಲೋ. 1967ರಲ್ಲಿ ‘ನಕ್ಕರೆ ಅದೇ ಸ್ವರ್ಗ’ ಚಿತ್ರಕ್ಕೆ ಕನ್ನಡದಲ್ಲಿ ಮೊದಲ ಸಲ ಹಾಡಿದ ಮನುಷ್ಯ, ಸಾವಿರಾರು ಹಾಡು ಹಾಡಿ ಆದಮೇಲೆ ಒಂದು ಹಳ್ಳಿ ಹುಡುಗನ ಎದುರು ಕೂತು, ಎಲ್ಲಿ ಶ್ರುತಿ ಜಾರಿತು ಅಂತ ತಾವೇ ಆ ಸಾಲು ಹಾಡಿ ತೋರಿಸುತ್ತಿದ್ದರು. ಅವರ ಮಾತೃಭಾಷೆ ತೆಲುಗು. ಆದರೂ ನಮ್ಮ ಮಕ್ಕಳ ಕನ್ನಡ ಉಚ್ಚಾರ ತಿದ್ದುತ್ತಿದ್ದರು, ಯಾರಿಗೂ ಅವಮಾನ ಅನ್ನಿಸುತ್ತಿರಲಿಲ್ಲ. ಕೀಬೋರ್ಡ್, ತಬಲಾ, ಕೊಳಲು ನುಡಿಸುತ್ತಿದ್ದವರ ಕಡೆ ತಿರುಗಿ ಒಂದು ಶಹಭಾಸ್ ಬೇರೆ. ಸಿನಿಮಾ ಹಾಡು ಅಂದರೆ ಪರದೆ ಮೇಲೆ ಕುಣಿಯುವ ನಾಯಕ ಅಂತ ತಿಳಿದಿದ್ದ ನಮ್ಮಂಥವರಿಗೆ, ಒಂದು ಹಾಡಿನ ಹಿಂದೆ ಮುಖ ಕಾಣಿಸದ ಎಷ್ಟೊಂದು ಜನ ಇರುತ್ತಾರೆ ಅಂತ ಗೊತ್ತಾಗಿದ್ದು ಅಲ್ಲಿ.

(ಅವರೂ ಅನಂತಪುರದಲ್ಲಿ ಇಂಜಿನಿಯರಿಂಗ್ ಸೇರಿ, ಟೈಫಾಯ್ಡ್ ಬಂದು ಅಲ್ಲಿಂದ ಅರ್ಧಕ್ಕೆ ಬಿಟ್ಟವರು. ಬಿಇ ಮುಗಿಸಿದ ನಾವು ಇಲ್ಲಿ ಟಿಕೆಟ್ ಕ್ಲೋಸ್ ಮಾಡ್ತಾ ಕೂತಿದ್ದೀವಿ. ಇರಲಿ.)

2020ರ ಸೆಪ್ಟೆಂಬರ್ 25. ವರ್ಕ್ ಫ್ರಮ್ ಹೋಮ್ ಅಂತ ನಾನು ಊರಿಗೆ ಬಂದು ಆರು ತಿಂಗಳಾಗಿತ್ತು. ಅಟ್ಟದ ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್, ಕಿಟಕಿಗೆ ಕಟ್ಟಿದ ಮೊಬೈಲ್ ಹಾಟ್‌ಸ್ಪಾಟ್. ಮಧ್ಯಾಹ್ನ ಒಂದು ಕಾಲ್ ಮಧ್ಯೆಯೇ ಸುದ್ದಿ ಬಂತು, ಎಸ್‌ಪಿಬಿ ಹೋದರು ಅಂತ. ಆಗಸ್ಟಿನಿಂದ ಚೆನ್ನೈನ ಆಸ್ಪತ್ರೆಯಲ್ಲಿದ್ದರು, ಏಳುತ್ತಾರೆ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಕ್ಯಾಮೆರಾ ಆಫ್ ಮಾಡಿ ಕೂತೆ. ಸಂಜೆ ಎಲ್ಲ ಚಾನೆಲ್‌ಗಳಲ್ಲೂ ಅವರೇ. ಅಮ್ಮ ಹಾಲು ಕರೆದು ಬಂದು ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಳು.

ನಾನು ಅಂದೆ, “ಅಮ್ಮ, ನೆನಪಿದೆಯಾ? ಎದೆ ತುಂಬಿ ಹಾಡುವೆನು. ಎಲ್ಲರೂ ಒಟ್ಟಿಗೆ ಕೂತು ನೋಡ್ತಿದ್ವಲ್ಲ.”

ಅಮ್ಮ ಟಿವಿಯಿಂದ ಕಣ್ಣು ತೆಗೆಯದೆ ಅಂದಳು, “ನಾನೆಲ್ಲಿ ನೋಡ್ದೆ ಮಗಾ? ನಾನು ಕೇಳಿಸ್ಕೊಂಡಿದ್ದು.”

ಅವಳ ದನಿಯಲ್ಲಿ ದೂರು ಇರಲಿಲ್ಲ. ನಿನ್ನೆ ಮಳೆ ಬರಲಿಲ್ಲ ಅಂದ ಹಾಗೆ ಅಂದಳು. ನನಗೇ ಹೊಟ್ಟೆಯೊಳಗೆ ಏನೋ ಜಾರಿದಂತಾಯಿತು.

ಕಾರ್ಯಕ್ರಮ ಬರುತ್ತಿದ್ದದ್ದು ನಮ್ಮ ಮನೆಯ ಊಟದ ಹೊತ್ತಿಗೆ. ಮುದ್ದೆಯನ್ನು ಮೊದಲೇ ಮಾಡಿಟ್ಟರೆ ಗಟ್ಟಿಯಾಗುತ್ತದೆ, ಅಜ್ಜಿಗೆ ಹಲ್ಲಿಲ್ಲ, ಬಿಸಿಬಿಸಿಯೇ ಆಗಬೇಕು. ಹಾಡು ನಡೆಯುವಾಗ ಅಮ್ಮ ಒಳಗೆ ಪಾತ್ರೆ ಕಾಲಲ್ಲಿ ಒತ್ತಿ ಹಿಡಿದು ಮುದ್ದೆ ಕೋಲು ತಿರುವುತ್ತಿದ್ದಳು. ಜಾಹೀರಾತು ಬಂದ ಕೂಡಲೇ ತಟ್ಟೆ ತಂದು ಬಡಿಸುತ್ತಿದ್ದಳು, ಹಾಡಿನ ಮಧ್ಯೆ ಬಂದರೆ ನಾವು ‘ಅಮ್ಮ, ಅಡ್ಡ ಬರ್ಬೇಡ’ ಅಂತ ಕೂಗುತ್ತಿದ್ದೆವು. ಅಂದರೆ ಅವಳು ಟಿವಿ ಮುಂದೆ ಬರುತ್ತಿದ್ದದ್ದು ಸಾಬೂನು, ಶಾಂಪೂ ಜಾಹೀರಾತಿನ ಹೊತ್ತಿಗೆ ಮಾತ್ರ. ‘ಅಡ್ಡ ಬರ್ಬೇಡ’ ಅಂದಿದ್ದು ನನಗೆ ಚೆನ್ನಾಗಿ ನೆನಪಿತ್ತು. ಯಾರಿಗೆ ಅಂದೆ ಅನ್ನೋದು ಮಾತ್ರ ನನ್ನ ಚಿತ್ರದಲ್ಲಿ ಇರಲಿಲ್ಲ. ಚಿತ್ರದಲ್ಲಿ ಅಮ್ಮ ನಮ್ಮ ಜೊತೆಗೇ ಕೂತಿದ್ದಳು.

ಆ ರಾತ್ರಿ ಮಲಗಿ ಲೆಕ್ಕ ಹಾಕಿದೆ. ಅಪ್ಪ? ತೋಟದ ಮೋಟಾರಿಗೆ ತ್ರೀ ಫೇಸ್ ಕರೆಂಟು ಕೊಡುತ್ತಿದ್ದದ್ದು ಹೆಚ್ಚಾಗಿ ರಾತ್ರಿ. ಕರೆಂಟು ಬಂದ ಕೂಡಲೇ ಅಪ್ಪ ಟಾರ್ಚು ಹಿಡಿದು ತೋಟಕ್ಕೆ ಹೋಗುತ್ತಿದ್ದ, ನೀರು ತಿರುಗಿಸಿ ಬರುವಷ್ಟರಲ್ಲಿ ನಾವು ಮಲಗಿರುತ್ತಿದ್ದೆವು. ಚಿಕ್ಕಪ್ಪ ನಮ್ಮನೆಗೆ ಟಿವಿ ನೋಡೋಕೆ ಬರುತ್ತಿದ್ದದ್ದು ಕ್ರಿಕೆಟ್ ಇದ್ದಾಗ ಮಾತ್ರ. ಅಜ್ಜಿ ಎರಡನೇ ಹಾಡಿಗೆ ತೂಕಡಿಸುತ್ತಿದ್ದಳು. ಉಳಿದವರು ನಾನು ಮತ್ತು ತಂಗಿ. ‘ಮನೆಮಂದಿಯೆಲ್ಲ’ ಅಂದರೆ ಎರಡೂವರೆ ಜನ.

ನಮ್ಮ ಕೆಲಸದಲ್ಲಿ ಒಂದು ತಪ್ಪು ಎಲ್ಲರೂ ಮಾಡ್ತೀವಿ. ಪ್ರೊಡಕ್ಷನ್‌ನಲ್ಲಿ ಏನೋ ಕೆಟ್ಟಿರುತ್ತದೆ, ನಮಗೆ ಸಿಗುವ ಒಂದೇ ಸರ್ವರ್‌ನ ಲಾಗ್ ತೆಗೆದು ನೋಡಿ ‘ಎಲ್ಲ ಸರಿಯಾಗಿತ್ತು’ ಅಂತ ವರದಿ ಬರೆದುಬಿಡ್ತೀವಿ. ಉಳಿದ ಸರ್ವರ್‌ಗಳು ಆಗ ಏನು ಅನುಭವಿಸುತ್ತಿದ್ದವು ಅಂತ ಕೇಳಲು ಹೋಗುವುದಿಲ್ಲ. ನನ್ನ ಬಾಲ್ಯದ ಬಗ್ಗೆ ನಾನು ಬರೆದುಕೊಂಡ ವರದಿ ಅಂಥದ್ದು.

ಹಳಹಳಿಕೆಗೆ ಇಂಗ್ಲಿಷಿನವರು ಅನ್ನುವ ‘ನಾಸ್ಟಾಲ್ಜಿಯಾ’ ಪದ ಹುಟ್ಟಿದ್ದು ವೈದ್ಯಕೀಯದಲ್ಲಂತೆ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ, ಮನೆ ಬಿಟ್ಟು ಪರದೇಶದಲ್ಲಿದ್ದವರಿಗೆ ಬರುವ ಕಾಯಿಲೆಗೆ ಗ್ರೀಕಿನ ಎರಡು ಪದ ಜೋಡಿಸಿ ಈ ಹೆಸರಿಟ್ಟ. ಮರಳುವುದು ಅಂತ ಒಂದು, ನೋವು ಅಂತ ಇನ್ನೊಂದು. ಆಗ ಅದು ಊರಿನ ಕಾಯಿಲೆ, ಕಾಲದ ಕಾಯಿಲೆ ಆಗಿದ್ದು ಎಷ್ಟೋ ಆಮೇಲೆ. ನನಗೆ ಇಲ್ಲೊಂದು ವ್ಯತ್ಯಾಸ ಮುಖ್ಯ ಅನ್ನಿಸುತ್ತೆ. ಊರಿಗಾಗಿ ಹಂಬಲಿಸಿದವನು ಒಂದು ದಿನ ಊರಿಗೆ ಹೋಗಿ ನೋಡಬಹುದು. ಮನೆಯ ಸೂರು ಸೋರುತ್ತಿರುವುದು, ಅಣ್ಣ ತಮ್ಮಂದಿರು ಮಾತು ಬಿಟ್ಟಿರುವುದು ಕಣ್ಣಿಗೆ ಬೀಳುತ್ತದೆ. ಕಾಲಕ್ಕಾಗಿ ಹಂಬಲಿಸುವವನಿಗೆ ಆ ತಾಪತ್ರಯ ಇಲ್ಲ. 2003ಕ್ಕೆ ಬಸ್ಸಿಲ್ಲ. ನಾವು ಏನು ಹೇಳಿದರೂ ನಡೆಯುತ್ತದೆ, ಅಲ್ಲಿದ್ದ ಇನ್ನೊಬ್ಬರು ಬಾಯಿ ತೆರೆಯುವ ತನಕ.

ಹಾಗಾದರೆ ಅಲ್ಲಿ ಇದ್ದ ಇನ್ನೊಬ್ಬರು ಬಾಯಿ ತೆರೆದ ಮೇಲೆ ನಾನು ಏನು ಮಾಡಬೇಕು? ನಾನು ಆ ಸಂಜೆಗಳನ್ನು ನೆನೆದು ಸುಖಪಡಬಹುದೇ? ಸುಖಪಟ್ಟರೆ ಅಮ್ಮನ ಬೆನ್ನುನೋವಿನ ಮೇಲೆ ಕೂತು ಸುಖಪಟ್ಟಂತೆಯೇ?

ತಂಗಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವಳು ಈಗ ಮೈಸೂರಿನಲ್ಲಿದ್ದಾಳೆ, ಎರಡು ಮಕ್ಕಳು, ಬ್ಯಾಂಕಿನ ಕೆಲಸ. ನನ್ನ ತತ್ವಶಾಸ್ತ್ರ ಕೇಳುವಷ್ಟು ಪುರಸೊತ್ತು ಅವಳಿಗಿಲ್ಲ. “ಅಣ್ಣಾ, ನಿಂಗೆ ಬೇಕಾಗಿರೋದು ಆ ಪ್ರೋಗ್ರಾಮಲ್ಲ. ಕೂತಲ್ಲಿಗೆ ಯಾರಾದ್ರೂ ಬಿಸಿ ಮುದ್ದೆ ತಂದ್ಕೊಡ್ಬೇಕು, ಅದು” ಅಂದಳು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವಳೇ ಅಂದಳು, “ನಾನೂ ತಂದ್ಕೊಟ್ಟಿದೀನಿ ನಿಂಗೆ. ನೀರು ಕೊಡು ಅಂದಾಗ್ಲೆಲ್ಲ ಎದ್ದಿದ್ದು ಯಾರು?” ಎರಡೂವರೆ ಜನ ಅಂದಿದ್ದೆನಲ್ಲ, ಅದೂ ಒಂದೂವರೆಗೆ ಇಳಿಯಿತು.

ಅವಳು ಹೇಳಿದ್ದನ್ನು ಅಲ್ಲಗಳೆಯಲಾರೆ. ಆದರೆ ಪೂರ್ತಿ ಒಪ್ಪಲೂ ಮನಸ್ಸಿಲ್ಲ. ಮುದ್ದೆಯ ಬಿಸಿಗಷ್ಟೇ ನಾನು ಹಂಬಲಿಸುತ್ತಿದ್ದರೆ, ಎಸ್‌ಪಿಬಿ ಹೋದ ದಿನ ಕ್ಯಾಮೆರಾ ಆಫ್ ಮಾಡಿ ಕೂರುತ್ತಿರಲಿಲ್ಲ. ತಪ್ಪು ಮಾಡಿದ ಮಗುವನ್ನು ಕೆಳಗೆ ತಳ್ಳದೆ ಎತ್ತಿ ಹಿಡಿದು ತಿದ್ದುವುದು ಸಾಧ್ಯ ಅಂತ ನನಗೆ ತೋರಿಸಿಕೊಟ್ಟ ಮೊದಲ ದೊಡ್ಡ ಮನುಷ್ಯ ಅವರು. ನಮ್ಮ ಶಾಲೆಯಲ್ಲಿ ತಿದ್ದುವುದು ಅಂದರೆ ಹುಣಸೆ ಬರ್ಲು. ನಾನು ಮೊದಲು ಸೇರಿದ ಕಂಪನಿಯಲ್ಲಿ ಕೋಡ್ ರಿವ್ಯೂ ಅಂದರೆ ಎಲ್ಲರೆದುರು ಮಾನ ಕಳೆಯುವುದು. ಈಗ ಜೂನಿಯರ್ ಹುಡುಗರ ಕೋಡ್ ನೋಡುವಾಗ, ‘ಇದು ಚೆನ್ನಾಗಿದೆ, ಇಲ್ಲೊಂಚೂರು ಜಾರಿದೆ ನೋಡು’ ಅನ್ನುವ ಧಾಟಿ ನನಗೆ ಬಂದಿದ್ದರೆ ಅದು ಆ ಚಾಪೆ ಮೇಲೆ ಕಲಿತದ್ದು. ಅದು ಸುಳ್ಳಲ್ಲ. ಚಾಪೆ ಹಾಸಿದವರು ಯಾರು ಅನ್ನೋದನ್ನು ಬಿಟ್ಟು ಹೇಳಿದರೆ ಮಾತ್ರ ಅರ್ಧ ನಿಜ.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ. ಪ್ರತಿ ವಾರ ಆ ಮನುಷ್ಯ ಟಿವಿಯಲ್ಲಿ ಕೂತು ಮುಖ ಕಾಣದವರ ಹೆಸರು ಹೇಳುತ್ತಿದ್ದರು. ಹಾಡು ಬರೆದವರು, ವಾದ್ಯ ನುಡಿಸಿದವರು, ಹಿಂದೆ ನಿಂತು ದನಿ ಸೇರಿಸಿದವರು. ನಾವು ತಲೆದೂಗುತ್ತಿದ್ದೆವು, ‘ಎಂಥಾ ದೊಡ್ಡ ಗುಣ’ ಅಂತ. ನಮ್ಮ ಬೆನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಅಡುಗೆಮನೆ ಬಾಗಿಲು ತೆರೆದೇ ಇತ್ತು. ಒಂದು ಸಲವೂ ತಿರುಗಿ ನೋಡಿದ ನೆನಪಿಲ್ಲ.

ಮುಂದಿನ ಕೆಲವು ದಿನ ಅಮ್ಮನನ್ನು ಕೆದಕುತ್ತಾ ಹೋದೆ, ಅವಳು ಕೇಳಿಸಿಕೊಂಡ ಕಾರ್ಯಕ್ರಮ ಹೇಗಿತ್ತು ಅಂತ. ಅದೊಂದು ಬೇರೆಯದೇ ಕಾರ್ಯಕ್ರಮ! ಸ್ಪರ್ಧಿಗಳ ಮುಖ ಗೊತ್ತಿಲ್ಲದ್ದರಿಂದ ಅವಳು ದನಿಗೇ ಹೆಸರಿಟ್ಟಿದ್ದಳು. ‘ನೆಗಡಿ ಹುಡುಗಿ’ ಅಂತ ಒಬ್ಬಳು, ‘ಆತುರಗಾರ’ ಅಂತ ಒಬ್ಬ, ತಾಳಕ್ಕಿಂತ ಮುಂದೆ ಓಡುತ್ತಿದ್ದನಂತೆ. ‘ದೇವ್ರ ಮನೆ’ ಅಂತ ಒಬ್ಬಳು, ಅವಳು ಹಾಡಿದರೆ ಊದುಬತ್ತಿ ವಾಸನೆ ಬಂದಂಗಾಗ್ತಿತ್ತು ಅಂದಳು. ಎಸ್‌ಪಿಬಿ ಏನು ಹೇಳುತ್ತಾರೆ ಅನ್ನೋದು ಅವಳಿಗೆ ಮೊದಲೇ ಗೊತ್ತಾಗುತ್ತಿತ್ತಂತೆ. “ಮೊದ್ಲು ಜಾಸ್ತಿ ಹೊಗಳಿದ್ರೆ ಆಮೇಲೆ ತಪ್ಪು ಹೇಳ್ತಾರೆ ಅಂತ ಅರ್ಥ. ಬರೀ ನಕ್ಕುಬಿಟ್ರೆ ಹುಡ್ಗ ಗೆದ್ದ.” ನಾನು ಚಾಪೆ ಮೇಲೆ ಕೂತು ಬಟ್ಟೆ, ಲೈಟು, ಸೆಟ್ಟು ನೋಡುತ್ತಿದ್ದೆ. ಅವಳು ಒಲೆ ಮುಂದೆ ನಿಂತು ಸಂಗೀತ ಕೇಳುತ್ತಿದ್ದಳು. ನಮ್ಮಿಬ್ಬರಲ್ಲಿ ಯಾರು ಆ ಕಾರ್ಯಕ್ರಮವನ್ನು ನಿಜಕ್ಕೂ ನೋಡಿದವರು ಅಂತ ಈಗ ಹೇಳೋಕೆ ನಾಲಿಗೆ ಏಳಲ್ಲ.

ಇಲ್ಲಿ ನಾನು ಹುಷಾರಾಗಿರಬೇಕು. ‘ನೋಡು, ಅಡುಗೆಮನೆಯಲ್ಲಿದ್ದೂ ಅಮ್ಮ ಎಷ್ಟು ಚೆನ್ನಾಗಿ ಸವಿದಳು’ ಅಂತ ಇನ್ನೊಂದು ಚೆಂದದ ಚಿತ್ರ ಮಾಡಿ ಗೋಡೆಗೆ ನೇತುಹಾಕಿಬಿಡೋದು ಬಹಳ ಸುಲಭ. ಅವಳಿಗೆ ನೋಡಬೇಕು ಅಂತ ಆಸೆ ಇತ್ತು. ಕೇಳಿದ್ದಕ್ಕೆ ಒಂದೇ ಮಾತಲ್ಲಿ ಹೇಳಿದಳು, “ಇತ್ತು, ಇಲ್ದೇ ಏನು.”

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಲಾಕ್‌ಡೌನ್‌ಗೂ ಮೊದಲೇ ನಾನು ಅಮ್ಮನಿಗೆ ಸ್ಮಾರ್ಟ್‌ಫೋನ್ ಕೊಡಿಸಿದ್ದೆ. ಮಧ್ಯಾಹ್ನ ಎಲ್ಲ ಕೆಲಸ ಮುಗಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಂಬಕ್ಕೊರಗಿ ಕೂರುತ್ತಿದ್ದಳು. ಕರೆದರೆ ಕೇಳಿಸುತ್ತಿರಲಿಲ್ಲ. ನಾನು ಗೊಣಗುತ್ತಿದ್ದೆ, ‘ಅಮ್ಮಾನೂ ಮೊಬೈಲ್‌ಗೆ ಬಿದ್ದಳು, ಮನೇಲಿ ಒಬ್ಬೊಬ್ಬರು ಒಂದೊಂದು ಮೂಲೆ, ಮೊದಲು ಹೇಗಿದ್ವಿ’ ಅಂತ. ಗುಂಪಿನಲ್ಲೂ ಇದೇ ರಾಗ ಎಳೆದಿದ್ದೇನೆ. ಆ ಸೆಪ್ಟೆಂಬರ್ ಆದಮೇಲೆ ಒಂದು ಮಧ್ಯಾಹ್ನ ಹಿಂದಿನಿಂದ ಬಗ್ಗಿ ನೋಡಿದೆ. ಯೂಟ್ಯೂಬಿನಲ್ಲಿ ಹಳೇ ಕಂತು ಓಡುತ್ತಿತ್ತು. ಇಯರ್‌ಫೋನ್ ತೆಗೆದು ನಗುತ್ತಾ ಪರದೆ ತೋರಿಸಿದಳು. “ನೆಗಡಿ ಹುಡ್ಗಿ ಇವ್ಳು ಕಣೋ! ಇಷ್ಟು ಚಿಕ್ಕೋಳಾ? ನಾನು ದೊಡ್ಡ ಹೆಂಗ್ಸು ಅಂದ್ಕೊಂಡಿದ್ದೆ.” ನಾನು ಸಂಸಾರ ಒಡೆಯಿತು ಅಂತ ಮರುಗುತ್ತಿದ್ದ ಹೊತ್ತಿನಲ್ಲಿ, ಅವಳು ಹದಿನೇಳು ವರ್ಷ ತಡವಾಗಿ ಆ ಕಾರ್ಯಕ್ರಮಕ್ಕೆ ಬಂದು ಕೂತಿದ್ದಳು. ಯಾರೂ ಎಬ್ಬಿಸದ ಜಾಗದಲ್ಲಿ.

‘ಒಟ್ಟಿಗೆ’ ಅನ್ನುವ ಪದವನ್ನು ಕಂಡರೆ ಅಂದಿನಿಂದ ನನಗೆ ಸ್ವಲ್ಪ ಅಂಜಿಕೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಇಬ್ಬರೂ ದುಡಿಯುವ ನಮ್ಮಂಥವರು ಭಾನುವಾರ ರಾತ್ರಿ ಪಿಜ್ಜಾ ತರಿಸಿ, ಅವರವರ ಫೋನ್ ನೋಡಿಕೊಂಡು ತಿನ್ನುತ್ತೇವೆ. ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ, ನನಗೂ ಬೇಸರವೇ. ಆದರೆ ಆ ಪಿಜ್ಜಾ ಯಾರೋ ಡೆಲಿವರಿ ಹುಡುಗ ಮಳೆಯಲ್ಲಿ ತಂದದ್ದು, ಅವನ ಮನೆಯಲ್ಲಿ ಆ ಹೊತ್ತಿಗೆ ಸರಿಗಮಪ ಬರುತ್ತಿದ್ದರೆ ಅವನೂ ಅದನ್ನು ನೋಡುತ್ತಿರುವುದಿಲ್ಲ. ಮುಂದೊಂದು ದಿನ ನಮ್ಮ ಮಗಳು ಈ ಭಾನುವಾರಗಳನ್ನು ನೆನೆದು ‘ಎಷ್ಟು ಚೆನ್ನಾಗಿತ್ತು’ ಅಂತ ಬರೆದಾಳು. ಅವಳ ಚಿತ್ರದಿಂದ ಯಾರು ಹೊರಗಿರುತ್ತಾರೋ.

2021ರಲ್ಲಿ ‘ಎದೆ ತುಂಬಿ ಹಾಡುವೆನು’ ಮತ್ತೆ ಬಂತು. ಈಟಿವಿ ಅಷ್ಟು ಹೊತ್ತಿಗೆ ಕಲರ್ಸ್ ಕನ್ನಡ ಆಗಿತ್ತು. ರಾಜೇಶ್ ಕೃಷ್ಣನ್, ವಿ. ಹರಿಕೃಷ್ಣ, ರಘು ದೀಕ್ಷಿತ್ ತೀರ್ಪುಗಾರರು. ಸೆಟ್ಟು ದೊಡ್ಡದು, ಲೈಟು ಜಾಸ್ತಿ. ಗುಂಪಿನಲ್ಲಿ ಆಗಲೇ ‘ಎಸ್‌ಪಿಬಿ ಇಲ್ಲದೆ ಏನಿದೆ’ ಅಂತ ಶುರುವಾಗಿತ್ತು. ನಾನು ಇನ್ನೂ ಊರಲ್ಲೇ ಇದ್ದೆ. ಅವತ್ತು ಅಮ್ಮನಿಗೆ ಹೇಳಿದೆ, “ನೀನು ಹೋಗಿ ಕೂತ್ಕೋ, ಮುದ್ದೆ ನಾನು ಮಾಡ್ತೀನಿ.”

ಅವಳು ನಂಬಲಿಲ್ಲ. ಎರಡು ಸಲ ಅಳತೆ ಹೇಳಿಕೊಟ್ಟು, ಹಿಟ್ಟಿನ ಡಬ್ಬ ತೆಗೆದಿಟ್ಟು, ಹೋಗಿ ಟಿವಿ ಮುಂದಿನ ಕುರ್ಚಿಯ ತುದಿಯಲ್ಲಿ ಕೂತಳು. ಅಪ್ಪನೂ ಬಂದು ಕೂತ. ಮೊದಲ ಜಾಹೀರಾತು ಬಂದ ತಕ್ಷಣ ಅಮ್ಮ ಎದ್ದು ನಿಂತದ್ದು ಒಳಗಿನಿಂದ ಕಾಣಿಸಿತು. ಎಲ್ಲಿಗೆ ಅಂತ ಕೇಳಿದೆ. ಅವಳಿಗೇ ಗೊತ್ತಿರಲಿಲ್ಲ. ಮತ್ತೆ ಕೂತಳು.

ನಾನು ಎಸರಿಗೆ ಹಿಟ್ಟು ಹಾಕಿ ಕೋಲು ತಿರುವುತ್ತಿದ್ದೆ. ಗಂಟಾಗುತ್ತಿತ್ತು. ತೋಳು ನೋಯುತ್ತಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಹೊರಗೆ ಯಾರೋ ಹುಡುಗಿ ಹಾಡಲು ಶುರು ಮಾಡಿದಳು. ಒಳ್ಳೆಯ ದನಿ, ಚರಣಕ್ಕೆ ಹೋಗುವಾಗ ಒಂಚೂರು ನಡುಗಿತು. ಬಗ್ಗಿ ನೋಡೋಣ ಅಂದರೆ ಕೋಲು ಬಿಡುವ ಹಾಗಿಲ್ಲ.

ಹಾಡಿನ ಮಧ್ಯೆ ಅಮ್ಮ ಕೂಗಿದಳು, “ಉರಿ ಸಣ್ಣ ಮಾಡೋ, ತಳ ಹತ್ತುತ್ತೆ!” ಅಲ್ಲಿಂದ ಅದು ಹೇಗೆ ಗೊತ್ತಾಯಿತೋ. ಉರಿ ಸಣ್ಣ ಮಾಡಿದೆ.

“ಯಾರಮ್ಮ ಅದು ಹಾಡ್ತಿರೋದು?”

“ಶ್ಶ್… ಸುಮ್ನಿರು” ಅಂದಳು.